ಗೀಸರ್ ಮುನಿಸಿಕೊಂಡ ಬಾಣಂತನ

ಕಾಲು ಚಾಚಿ ಕೂತಿದ್ದ ನೀಲವ್ವನ ಕಾಲ ಮೇಲೆ ಪಾಪು ಬೋರಲು ಮಲಗಿತ್ತು. ಮೈತುಂಬ ಎಣ್ಣೆ, ಎಣ್ಣೆಯ ಮೇಲೆ ಕಡಲೆಹಿಟ್ಟು. ಇನ್ನೇನು ನೀರು ಹಾಕಬೇಕು, ಅಷ್ಟರಲ್ಲಿ ನಲ್ಲಿಯ ಕೆಳಗೆ ಕೈಯೊಡ್ಡಿದ ನೀಲವ್ವ ಕೂಗಿದಳು.

“ಯವ್ವಾ, ನೀರು ತಣ್ಣಗ ಬರಾಕತ್ತಾವ ನೋಡ್ರಿ.”

ನಾನು ಅಡುಗೆಮನೆಯ ಹಿಂದಿನ ಯುಟಿಲಿಟಿಗೆ ಓಡಿದೆ. ಗೋಡೆಯ ಮೇಲಿನ ಗ್ಯಾಸ್ ಗೀಸರ್ ಟಿಕ್ ಟಿಕ್ ಟಿಕ್ ಎನ್ನುತ್ತಿತ್ತು. ಭುಗ್ ಎಂದು ಹೊತ್ತಿಕೊಂಡಿತು. ಸಣ್ಣ ಕಿಂಡಿಯಲ್ಲಿ ನೀಲಿ ಬೆಂಕಿ ಕಂಡು ನಾನು ನೆಮ್ಮದಿಯಿಂದ ಉಸಿರು ಬಿಡುವುದರೊಳಗೆ ಆರಿಯೂ ಹೋಯಿತು. ಮತ್ತೆ ಟಿಕ್ ಟಿಕ್. ಈ ಸಲ ಭುಗ್ ಎನ್ನುವ ಸೌಜನ್ಯವನ್ನೂ ತೋರಿಸಲಿಲ್ಲ.

ಇದು ಹೊಸದೇನಲ್ಲ. ಕೆಲವು ವಾರಗಳಿಂದ ನಡೆದುಕೊಂಡು ಬಂದ ನಾಟಕ. ಆದರೆ ಅವತ್ತು ಪ್ರೇಕ್ಷಕರಲ್ಲಿ ಒಬ್ಬರು ಹೆಚ್ಚಿದ್ದರು. ಬಚ್ಚಲ ಬಾಗಿಲಿನಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗಳ ಅತ್ತೆ ಸುಲೋಚನಮ್ಮ ನಿಂತಿದ್ದರು.

ನಿಮ್ಮಲ್ಲಿ ಎಷ್ಟು ಜನಕ್ಕೆ ಬೀಗಿತ್ತಿಯ ಎದುರು ಬಿಸಿನೀರು ಕೈಕೊಟ್ಟಿದೆ? ಕೊಟ್ಟಿದ್ದರೆ ಮುಂದಿನದನ್ನು ಓದುವ ಅಗತ್ಯವಿಲ್ಲ, ನಿಮಗೇ ಗೊತ್ತು. ಮಿಕ್ಕವರಿಗಾಗಿ ಮೊದಲಿನಿಂದ ಹೇಳುತ್ತೇನೆ.

ಮಗಳು ರಶ್ಮಿ ಬಾಣಂತನಕ್ಕೆಂದು ನಮ್ಮ ಮನೆಯಲ್ಲಿದ್ದಾಳೆ. ಹೆಣ್ಣು ಮಗು. (ಹೆಸರಿಡುವ ಶಾಸ್ತ್ರವೂ ಆಗಿದೆ. ಆದರೆ ಆ ಹೆಸರು ಹಿಡಿದು ಇನ್ನೂ ಯಾರೂ ಕರೆದಿಲ್ಲ. ಎಲ್ಲರಿಗೂ ಪಾಪುವೇ.) ಐದನೇ ತಿಂಗಳಲ್ಲಿ ಗಂಡನ ಮನೆಗೆ ಕಳಿಸಿಕೊಡುವುದೆಂದು ಮೊದಲೇ ಮಾತಾಗಿತ್ತು. ಗಂಡನ ಮನೆ ವೈಟ್‌ಫೀಲ್ಡ್‌ನಲ್ಲಿ. ನಾವಿರುವುದು ಪೀಣ್ಯದ ಹಿಂಬದಿ. ಹೆಸರಿಗೆ ಒಂದೇ ಊರು. ಮೆಟ್ರೋ ಕಂಬಕ್ಕೆಂದು ರಸ್ತೆಯೆಲ್ಲ ಅಗೆದು ಹಾಕಿರುವ ಈ ದಿನಗಳಲ್ಲಿ ನಮ್ಮ ಮನೆಯಿಂದ ಹೊರಟವರು ಮಾರತ್ತಹಳ್ಳಿ ದಾಟುವುದರೊಳಗೆ ಇನ್ನೊಬ್ಬರು ತುಮಕೂರಿಗೆ ಹೋಗಿ ತಿಂಡಿ ತಿಂದು ವಾಪಸ್ ಬಂದಿರುತ್ತಾರೆ. ಪಾಪು ಆ ಕಡೆ ಹೋಯಿತೆಂದರೆ ನನ್ನ ಪಾಲಿಗೆ ಹಬ್ಬಹರಿದಿನದ ಮೊಮ್ಮಗಳು. ಹಾಗಾಗಿ ಈ ಐದು ತಿಂಗಳು ನನಗೆ ಎಷ್ಟು ದೊಡ್ಡದು ಅಂತ ಅಜ್ಜಿಯರಾದವರಿಗೆ ಬಿಡಿಸಿ ಹೇಳಬೇಕಿಲ್ಲ.

ಬಾಣಂತನದಲ್ಲಿ ಮಿಕ್ಕಿದ್ದೆಲ್ಲ ಸ್ವಲ್ಪ ಹೆಚ್ಚುಕಮ್ಮಿಯಾದರೂ ನಡೆಯುತ್ತದೆ. ನೀರು ಮಾತ್ರ ಹೆಚ್ಚುಕಮ್ಮಿಯಾಗುವಂತಿಲ್ಲ. ಮೊದಲು ಮಗುವಿಗೆ, ಆಮೇಲೆ ತಾಯಿಗೆ, ದಿನಾ. ನೀರು ಹಾಕಲು ಬರುವ ನೀಲವ್ವ ಕೊಪ್ಪಳದ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆ ಹೋದರೆ ಇವಳು ನಮ್ಮ ಬಡಾವಣೆಯ ಎಳೆಮಕ್ಕಳನ್ನೆಲ್ಲ ಕಾಲ ಮೇಲೆ ಹಾಕಿಕೊಂಡು ತಿಕ್ಕಿ ತೊಳೆದು ಬರುತ್ತಾಳೆ. ಅವಳ ಲೆಕ್ಕದಲ್ಲಿ ಬಿಸಿನೀರೆಂದರೆ ನಾವು ಸಾರು ಕುದಿಸುವಷ್ಟು ಬಿಸಿ.

“ಬಾಣಂತಿಗಿ ಎರಿಯೂ ನೀರು ಅಂದ್ರ ಹೊಗಿ ಏಳಬೇಕ್ರಿ ಯವ್ವಾ. ನಾಳೆ ಸೊಂಟ ಹಿಡೀತು ಅಂದ್ರ ನನ್ನ ಬೈಬ್ಯಾಡ್ರಿ ಮತ್ತ,” ಎಂದು ಮೊದಲ ದಿನವೇ ಎಚ್ಚರಿಕೆ ಕೊಟ್ಟಿದ್ದಳು.

ಇದಕ್ಕೆಂದೇ ನಮ್ಮವರು ಹೆರಿಗೆಗೆ ಮುಂಚೆಯೇ ಗ್ಯಾಸ್ ಗೀಸರ್ ಹಾಕಿಸಿದ್ದರು. ಕರೆಂಟ್ ಗೀಸರ್ ಇತ್ತು, ಕರೆಂಟ್ ಇರುತ್ತಿರಲಿಲ್ಲ. ಬಚ್ಚಲೊಳಗೆ ಬೇಡ ಅಂತ ಅಂಗಡಿಯವನ ಜೊತೆ ವಾದ ಮಾಡಿ, ಯುಟಿಲಿಟಿಯಲ್ಲಿ ಗಾಳಿಯಾಡುವ ಗ್ರಿಲ್ ಪಕ್ಕದ ಗೋಡೆಗೇ ಕೂರಿಸಿದ್ದರು. (ಬಾಗಿಲು ಮುಚ್ಚಿದ ಬಚ್ಚಲೊಳಗೆ ಗ್ಯಾಸ್ ಗೀಸರ್ ಇಟ್ಟುಕೊಂಡಿರುವವರು ದಯವಿಟ್ಟು ಈ ಅಂಕಣ ಪಕ್ಕಕ್ಕಿಟ್ಟು ಮೊದಲು ಅದನ್ನು ಹೊರಗೆ ಹಾಕಿಸಿ. ಜೀವದ ವಿಷಯ.) ಪಾಪು ಹುಟ್ಟಿದ ಮೇಲೆ ಕೆಲವು ದಿನ ಗೀಸರ್ ಚಿನ್ನದಂಥ ಕೆಲಸ ಮಾಡಿತು. ನಲ್ಲಿ ತಿರುಗಿಸಿದರೆ ಒಂದು ಟಿಕ್, ಒಂದು ಭುಗ್, ಹೊಗೆಯಾಡುವ ನೀರು. ನೀಲವ್ವನೇ ಮೆಚ್ಚಿದ್ದಳು.

ದಸರಾ ಕಳೆಯಿತು. ಗೀಸರ್ ಕೆಟ್ಟಿತು.

ಕೆಟ್ಟಿತು ಅಂತ ಹೇಳುವುದೂ ತಪ್ಪು. ಪೂರ್ತಿ ಕೆಟ್ಟಿದ್ದರೆ ಎತ್ತಿ ಆಚೆ ಇಡಬಹುದಿತ್ತು. ಇದು ಒಂದು ದಿನ ಸರಿ, ಒಂದು ದಿನ ಇಲ್ಲ. ಸೋಮವಾರ ನಗುತ್ತಾ ಹೊತ್ತಿಕೊಂಡಿದ್ದು ಮಂಗಳವಾರ ಮುಖ ತಿರುಗಿಸುತ್ತಿತ್ತು. ಅದೂ ಪಾಪುವಿನ ಮೈಗೆ ಎಣ್ಣೆ ಹತ್ತಿದ ಮೇಲೆ. ಅಲ್ಲಿಯವರೆಗೆ ಯಾಕೆ ಕಾಯುತ್ತಿತ್ತೋ, ಅದಕ್ಕೇ ಗೊತ್ತು.

ರಶ್ಮಿ ಈ ವಿಷಯವನ್ನು ಫೋನಿನಲ್ಲಿ ಗಂಡನಿಗೆ ಹೇಳಿದಳು. ಅಳಿಯ ಪ್ರಶಾಂತ್ ಒಳ್ಳೆಯ ಹುಡುಗ, ಅಮ್ಮನಿಗೆ ಏನನ್ನೂ ಮುಚ್ಚಿಡುವುದಿಲ್ಲ. ಮರುದಿನವೇ ಸುಲೋಚನಮ್ಮನ ಫೋನ್.

“ಬಿಸಿನೀರಿಗೆ ತೊಂದರೆ ಅಂತೆ? ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಸೋಲಾರ್ ಇದೆ, ಜನರೇಟರ್ ಇದೆ. ಭಾನುವಾರ ಬರ್ತೀವಿ. ಮಗೂನ ನೋಡ್ಕೊಂಡು, ಹಾಗೇ ಇಬ್ರನ್ನೂ ಕರ್ಕೊಂಡು ಹೋಗೋಣ ಅಂತಿದೀವಿ. ನೀವಾದ್ರೂ ಎಷ್ಟೂಂತ ಕಷ್ಟಪಡ್ತೀರಿ?”

ಕಠಿಣವಾಗೇನೂ ಹೇಳಲಿಲ್ಲ. ಪ್ರೀತಿಯಿಂದಲೇ ಹೇಳಿದರು. ಅದಕ್ಕೇ ನಾನೂ ಬನ್ನಿ ಬನ್ನಿ ಎಂದುಬಿಟ್ಟೆ. ಐದು ತಿಂಗಳು ಹೋಗಿ ಎರಡಕ್ಕೆ ಬಂತು. ಫೋನಿಟ್ಟು ಗೀಸರ್ ಮುಂದೆ ಹೋಗಿ ನಿಂತೆ. ಅವತ್ತು ಅದಕ್ಕೆ ಬೈದಷ್ಟು ನಾನು ಮನುಷ್ಯರಿಗೂ ಬೈದಿಲ್ಲ.

ನಮ್ಮವರು ಮಾತ್ರ ಹೆದರಲಿಲ್ಲ, ಗೀಸರ್ ಮೊದಲ ಸಲ ಮುನಿಸಿಕೊಂಡ ದಿನದಿಂದಲೇ ಅವರ ರಿಪೇರಿ ನಡೆದಿತ್ತು. ನಮ್ಮವರು ನಿಮಗೆ ಗೊತ್ತಿರುವವರೇ. ಅವರ ಕುಕ್ಕರ್ ರಿಪೇರಿ, ಫ್ಯಾನ್ ರಿಪೇರಿ ಎಲ್ಲ ಇದೇ ಜಾಗದಲ್ಲಿ ಬಂದುಹೋಗಿವೆ. ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ತಲೆ ಬೆಳ್ಳಗಾಗುವವರೆಗೆ ದುಡಿದು ರಿಟೈರ್ ಆದವರು. ಹೊರಗಿನ ಮೆಕ್ಯಾನಿಕ್‌ನನ್ನು ಕರೆಯುವುದೆಂದರೆ ಅವರಿಗೆ ತಮ್ಮ ಮನೆಯಲ್ಲಿ ಅಡುಗೆಯಿಟ್ಟುಕೊಂಡು ಹೋಟೆಲಿಗೆ ಹೋದಷ್ಟು ಸಂಕಟ.

“ರಿಪೇರಿ ಅಂದ್ರೆ ಎರಡೇ ಪ್ರಶ್ನೆ ಕಣೆ,” ಎಂದಿದ್ದರು ಅವತ್ತೇ, ಸ್ಕ್ರೂಡ್ರೈವರ್ ಒರೆಸುತ್ತಾ. “ಒಂದು, ಕೆಡೋದಕ್ಕೆ ಮುಂಚೆ ಏನು ಚೇಂಜ್ ಆಯ್ತು? ಎರಡು, ಒಂದ್ಸಲಕ್ಕೆ ಒಂದೇ ಪಾರ್ಟ್ ಮುಟ್ಬೇಕು. ಎರಡು ಮುಟ್ಟಿದ್ರೆ ಯಾವುದ್ರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.”

(ಎರಡನೆಯದು ಪ್ರಶ್ನೆಯೇ ಅಲ್ಲ ಅಂತ ನಾನು ಹೇಳಲಿಲ್ಲ. ಬಾಣಂತಿ ಮನೆ, ಜಗಳ ಯಾಕೆ?)

ಮೊದಲ ಪ್ರಶ್ನೆಗೆ ವಿಚಾರಣೆ ಶುರುವಾಯಿತು. ನಾಬ್ ತಿರುಗಿಸಿದ್ದೀಯಾ ಅಂತ ನನ್ನನ್ನು ಕೇಳಿದರು. ರಶ್ಮಿಯನ್ನು ಕೇಳಿದರು. ನೀಲವ್ವನನ್ನು ಕೇಳಿದಾಗ ಅವಳು, “ನಾ ಅದನ್ನ ಯಾಕ ಮುಟ್ಟಲ್ರೀ ಯಪ್ಪಾ, ಬೆಂಕಿ ಉಗಳೂದನ್ನ?” ಎಂದು ತಿರುಗಿ ಕೇಳಿದಳು. ತೊಂದರೆ ಶುರುವಾದದ್ದು ದಸರಾ ಆದ ಮೇಲೆ ಅಂತ ರಶ್ಮಿ ನೆನಪಿಸಿದಳು. ಹಾಗಾದರೆ ಹಬ್ಬಕ್ಕೆ ಬಂದವರಲ್ಲಿ ಯಾರೋ ಏನೋ ಮಾಡಿದ್ದಾರೆ. ಹಬ್ಬಕ್ಕೆ ಬಂದದ್ದು ನನ್ನ ತಮ್ಮ. ನಮ್ಮವರು “ಹೂಂ” ಎಂದರು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಆ ಹೂಂ ಏನೆಂದು ನನಗೆ ಗೊತ್ತಾಗದೆ ಇರುತ್ತದೆಯೇ? ಪಾಪ, ನನ್ನ ತಮ್ಮ ಬಂದು ಹೋಳಿಗೆ ತಿಂದು ಹೋದದ್ದಷ್ಟೆ.

ಆಮೇಲೆ ಒಂದೊಂದೇ ಪಾರ್ಟ್ ಮುಟ್ಟತೊಡಗಿದರು. ಮೊದಲು ಸೆಲ್. ಗೀಸರ್‌ನ ಹೊಟ್ಟೆಯ ಕೆಳಗೆ ಎರಡು ದಪ್ಪ ಸೆಲ್ ಕೂರುತ್ತವೆ, ಟಿಕ್ ಟಿಕ್ ಎಂದು ಕಿಡಿ ಹಾರಿಸುವುದು ಅವುಗಳ ಬಲದಿಂದ. ಹೊಸದು ಹಾಕಿದರು. ಮರುದಿನ ಒಂದೇ ಏಟಿಗೆ ಹೊತ್ತಿಕೊಂಡಿತು. ನಮ್ಮವರು ಕಾಲರ್ ಸರಿಮಾಡಿಕೊಂಡರು. ಅದರ ಮರುದಿನ ಮತ್ತೆ ಅದೇ ಕತೆ.

ಆಮೇಲೆ ನೀರು. ರಭಸವಾಗಿ ನೀರು ಬಾರದಿದ್ದರೆ ಈ ಗೀಸರ್‌ಗಳಿಗೆ ಹೊತ್ತಿಕೊಳ್ಳಬೇಕೆಂದೇ ತಿಳಿಯುವುದಿಲ್ಲವಂತೆ. ನಮ್ಮದು ಬೋರ್‌ವೆಲ್ ನೀರು, ಮುಟ್ಟಿದ್ದಕ್ಕೆಲ್ಲ ಬಿಳಿ ಉಪ್ಪು ಕಟ್ಟುತ್ತದೆ. ನೀರು ಒಳಗೆ ಹೋಗುವ ಕಡೆ ಇರುವ ಸಣ್ಣ ಜಾಲರಿ ಬಿಚ್ಚಿ ನಿಂಬೆಹಣ್ಣಿನ ರಸದಲ್ಲಿ ನೆನೆಸಿದರು. (ಚಿತ್ರಾನ್ನಕ್ಕೆ ತಂದಿದ್ದ ನಿಂಬೆಹಣ್ಣು. ಅವತ್ತು ಉಪ್ಪಿಟ್ಟು ತಿಂದೆವು.) ಆಮೇಲೆ ಸಿಲಿಂಡರ್ ಬದಲಾಯಿತು. ಆಮೇಲೆ ರೆಗ್ಯುಲೇಟರ್. ಆಮೇಲೆ ಮುಚ್ಚಳವನ್ನೇ ಬಿಚ್ಚಿ, ಹಳೇ ಟೂತ್‌ಬ್ರಷ್ ಹಿಡಿದು, ಒಳಗೆಲ್ಲ ಧೂಳು ಹೊಡೆದರು. ಪ್ರತಿಸಲವೂ ಒಂದೆರಡು ದಿನ ಗೀಸರ್ ಸುಮ್ಮನಿರುತ್ತಿತ್ತು. ಸರಿಹೋಯಿತೆಂದು ನಾವು ಮಾತಾಡಿಕೊಂಡದ್ದು ಕೇಳಿಸಿತೋ ಎಂಬಂತೆ ಮತ್ತೆ ಶುರು.

ಇದರ ನಡುವೆ ನೀಲವ್ವ ಒಂದು ದಿನ ಪಾಪುವಿಗೆ ಉಪ್ಪು ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆದವಳು ಹಾಗೇ ಯುಟಿಲಿಟಿಗೆ ಹೋಗಿ ಗೀಸರ್‌ಗೂ ನಿವಾಳಿಸಿದಳು. ಅವತ್ತು ಗೀಸರ್ ಬಂಗಾರದ ಹಾಗೆ ಉರಿಯಿತು. ನಮ್ಮವರಿಗೆ ಬಂದ ಕೋಪ ನೋಡಬೇಕಿತ್ತು. ಅವರು ಅವತ್ತೇ ಬೆಳಗ್ಗೆ ಪೈಪ್ ಬದಲಾಯಿಸಿದ್ದರು.

“ಈಗ ಪೈಪ್‌ನಿಂದ ಸರಿಹೋಯ್ತೋ ಮೆಣಸಿನಕಾಯಿಂದ ಸರಿಹೋಯ್ತೋ ಹೇಗೆ ಹೇಳೋದು? ಇದಕ್ಕೇ ಕಣೆ ನಾನು ಒಂದ್ಸಲಕ್ಕೆ ಒಂದೇ ಅಂದಿದ್ದು.”

ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ಅವನು ಬಂದದ್ದು ಮಧ್ಯಾಹ್ನ. ನಲ್ಲಿ ತಿರುಗಿಸಿದ, ಒಂದು ಟಿಕ್, ಒಂದು ಭುಗ್. ಆರಿಸಿದ, ಮತ್ತೆ ತಿರುಗಿಸಿದ, ಮತ್ತೆ ಭುಗ್. ಡಾಕ್ಟರ್ ಮುಖ ಕಂಡ ತಕ್ಷಣ ಜ್ವರ ಬಿಡುವ ಮಕ್ಕಳಿರುತ್ತಾರಲ್ಲ, ಹಾಗೆ. ಮುಚ್ಚಳ ಬಿಚ್ಚಿ ಇಣುಕಿ ನೋಡಿದ. “ಪೂಜೆಗೀಜೆ ಎಲ್ಲ ಮಾಡಿ ಎಷ್ಟು ನೀಟಾಗಿ ಇಟ್ಕೊಂಡಿದೀರ ಸಾರ್. ಏನೂ ಪ್ರಾಬ್ಲಂ ಇಲ್ಲ,” ಎಂದು ಕಾಫಿ ಕುಡಿದು ಹೋದ. ನಮ್ಮವರಿಗೆ ಆ ಹೊಗಳಿಕೆ ಇಷ್ಟವಾಯಿತು. ಮರುದಿನ ಬೆಳಗ್ಗೆ ನೀರು ತಣ್ಣಗೆ ಬಂತು.

ಇಷ್ಟೆಲ್ಲ ಆದರೂ ಒಂದು ದಿನವೂ ನಮ್ಮ ಪಾಪುವಿನ ಸ್ನಾನ ತಪ್ಪಲಿಲ್ಲ, ಗೊತ್ತೇ? ಅದನ್ನು ಹೇಳಲಿಕ್ಕೇ ಈ ವಾರ ಬರೆಯಲು ಕೂತಿದ್ದು. ಗೀಸರ್ ಕತೆ ಅದಕ್ಕೊಂದು ನೆಪ.

ನಮ್ಮದು ಮೂರು ಅಂತಸ್ತಿನ ಕಟ್ಟಡ. ನಡುವಿನದು ನಮ್ಮ ಮನೆ. ಮೇಲೆ ಲತಾ ಮತ್ತು ಅವಳ ಗಂಡ. ಲತಾ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಬೆಳಗ್ಗೆ ಬಸ್ ಹಿಡಿಯಲು ಒಂದು ಕೈಯಲ್ಲಿ ಟಿಫನ್ ಬಾಕ್ಸ್, ಒಂದು ಕೈಯಲ್ಲಿ ಬಾಚಣಿಗೆ ಹಿಡಿದು ಮೆಟ್ಟಿಲಿಳಿಯುವವಳು. ಕೆಳಗೆ ಶಿವಣ್ಣ. ಮಾಗಡಿ ಕಡೆಯವನು, ಪೀಣ್ಯದ ಒಂದು ಕಾರ್ಖಾನೆಯಲ್ಲಿ ನೈಟ್ ಶಿಫ್ಟ್ ಮುಗಿಸಿ ನಾವೆಲ್ಲ ಏಳುವ ಹೊತ್ತಿಗೆ ಮಲಗಲು ಬರುವವನು. (ಎಲ್ಲರೂ ಬಾಡಿಗೆಯವರೇ. ಓನರ್ ಬೇರೆ ಕಡೆ ಇದ್ದಾರೆ.) ಮೂರೂ ಮನೆಯ ಯುಟಿಲಿಟಿಗಳು ಗಾಳಿಬೆಳಕಿಗೆಂದು ಮೇಲಿನಿಂದ ಕೆಳಗಿನವರೆಗೆ ಬಿಟ್ಟ ಒಂದೇ ಡಕ್ಟ್‌ಗೆ ತೆರೆದುಕೊಂಡಿವೆ. ಒಬ್ಬರ ಮನೆಯಲ್ಲಿ ಚಮಚ ಬಿದ್ದರೆ ಮೂರು ಮನೆಗೆ ಕೇಳಿಸುತ್ತದೆ. ಬಂದ ಹೊಸದರಲ್ಲಿ ಇದು ನನಗೆ ದೊಡ್ಡ ತಲೆನೋವಾಗಿತ್ತು. ನಾನು ನಮ್ಮವರ ಮೇಲೆ ರೇಗುವುದು ಕೂಡ ಮೇಲಕ್ಕೂ ಕೆಳಕ್ಕೂ ಹೋಗುತ್ತದಲ್ಲ?

ಗೀಸರ್ ಮೊದಲ ಸಲ ಕೈಕೊಟ್ಟಾಗ ನಾನು ಎರಡು ಒಲೆಯ ಮೇಲೂ ಪಾತ್ರೆಯಿಟ್ಟು ನೀರು ಕಾಯಿಸಲು ಒದ್ದಾಡುತ್ತಿದ್ದೆ. ಮೈಗೆಲ್ಲ ಹಿಟ್ಟು ಮೆತ್ತಿಕೊಂಡ ಪಾಪು ಚಳಿಗೆ ಕಿರುಚುತ್ತಿತ್ತು. ಬಾಗಿಲು ಬಡಿದ ಸದ್ದಾಯಿತು. ಲತಾ, ಕೈಯಲ್ಲಿ ಹೊಗೆಯಾಡುವ ಪಾತ್ರೆ. “ಅನ್ನಕ್ಕಿಟ್ಟಿದ್ದ ಎಸರು ಆಂಟಿ, ಇನ್ನೂ ಅಕ್ಕಿ ಹಾಕಿರ್ಲಿಲ್ಲ. ತಗೊಳಿ.” ಅವಳು ಅವತ್ತು ಟಿಫನ್ ಬಾಕ್ಸ್ ಇಲ್ಲದೆ ಕೆಲಸಕ್ಕೆ ಹೋದಳು ಅಂತ ನನಗೆ ಆಮೇಲೆ ಗೊತ್ತಾಯಿತು.

ಅಲ್ಲಿಂದ ಮುಂದೆ ಅದೊಂದು ಪದ್ಧತಿಯೇ ಆಯಿತು. ನಮ್ಮ ಗೀಸರ್‌ನ ಸದ್ದು ಡಕ್ಟ್‌ನಲ್ಲಿ ಕೇಳುತ್ತಿತ್ತು. ಒಂದು ಟಿಕ್ ಆಗಿ ಭುಗ್ ಅಂದರೆ ಸರಿ. ಟಿಕ್ ಟಿಕ್ ನಿಲ್ಲದಿದ್ದರೆ ಮೇಲಿನಿಂದ ಲತಾಳ ದನಿ ಇಳಿಯುತ್ತಿತ್ತು: “ಆಂಟೀ, ಇಡ್ಲಾ?” ಒಲೆಯ ಮೇಲೆ ನೀರಿಡಲೇ ಅಂತ. ನಾನು ಹೂಂ ಅನ್ನುವುದನ್ನೂ ಅವಳು ಕಾಯುತ್ತಿರಲಿಲ್ಲ, ಲೈಟರ್‌ನ ಚಟ್ ಎನ್ನುವ ಸದ್ದು ಅದರ ಹಿಂದೆ ಬರುತ್ತಿತ್ತು. ಕೆಳಗಿನಿಂದ ಶಿವಣ್ಣನ ಬಕೆಟ್ ಬರುತ್ತಿತ್ತು. ಅವನು ಹೆಚ್ಚು ಮಾತಾಡುವವನಲ್ಲ. ಬಾಗಿಲ ಹತ್ತಿರ ಇಟ್ಟು ಬೆಲ್ ಒತ್ತಿ ಇಳಿದುಹೋಗುತ್ತಿದ್ದ. ಖಾಲಿ ಪಾತ್ರೆ ವಾಪಸ್ ಕೊಡಬೇಕೆಂದುಕೊಳ್ಳುವುದರೊಳಗೆ ಇನ್ನೊಂದು ಬರುತ್ತಿತ್ತು. ನಮ್ಮ ಯುಟಿಲಿಟಿಯಲ್ಲಿ ಊರವರ ಪಾತ್ರೆಗಳದ್ದೇ ಒಂದು ಸಾಲು.

ಭಾನುವಾರ ಬಂತು. ಟ್ರಾಫಿಕ್ ಏಳುವ ಮುಂಚೆಯೇ ಹೊರಟು ಬೆಳಗ್ಗೆ ಬೇಗ ಬಂದಿಳಿದರು ಸುಲೋಚನಮ್ಮ ಮತ್ತು ಪ್ರಶಾಂತ್. ಕಾರಿನ ಹಿಂದಿನ ಸೀಟಿನ ಮೇಲೆ ಹೊಸ ಪುಟ್ಟ ಹಾಸಿಗೆ ಹಾಸಿತ್ತು, ಅದರ ಮೇಲೊಂದು ಅಂಗೈಯಗಲದ ದಿಂಬು. ಬಾಲ್ಕನಿಯಿಂದ ಅದನ್ನು ಕಂಡು ಒಳಗೆ ಬಂದೆ. ರಶ್ಮಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ, ಪಾಪುವಿನ ಬಟ್ಟೆ ಮಡಿಸುತ್ತಿದ್ದಳು. ಮಡಿಸಿದ್ದನ್ನೇ ಮತ್ತೆ ಮಡಿಸುತ್ತಿದ್ದಳು.

ಆಮೇಲೆ ನಡೆದದ್ದನ್ನು ಮೊದಲೇ ಹೇಳಿದ್ದೇನೆ. ಎಣ್ಣೆ, ಕಡಲೆಹಿಟ್ಟು, ಬಾಗಿಲಲ್ಲಿ ಬೀಗಿತ್ತಿ, ತಣ್ಣೀರು.

ಟಿಕ್ ಟಿಕ್ ಟಿಕ್.

“ಆಂಟೀ, ಇಡ್ಲಾ?”

ಸುಲೋಚನಮ್ಮ ಮೇಲೆ ನೋಡಿದರು. “ಯಾರದು?”

“ಮೇಲಿನ ಮನೆ ಹುಡುಗಿ,” ಎಂದೆ. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನಿಸುತ್ತಿತ್ತು. ನಮ್ಮ ಮನೆಯ ಬಿಸಿನೀರು ಕಂಡವರ ಮನೆಯಿಂದ ಬರುತ್ತದೆ ಎಂದು ಬೀಗಿತ್ತಿಗೆ ಹೇಗೆ ಹೇಳುವುದು?

ಹೇಳಬೇಕಾಗಲಿಲ್ಲ. ಬೆಲ್ ಆಯಿತು. ಬಾಗಿಲು ತೆಗೆದದ್ದು ಸುಲೋಚನಮ್ಮನೇ. ಶಿವಣ್ಣ ನಿಂತಿದ್ದ, ಕಾರ್ಖಾನೆಯ ನೀಲಿ ಯೂನಿಫಾರಂ ಕೂಡ ಬಿಚ್ಚಿರಲಿಲ್ಲ. ಮಂಡಿ, ಮೊಣಕೈಗೆಲ್ಲ ಎಣ್ಣೆ ಜಿಡ್ಡು.

“ತಗಳಿ ಅಕ್ಕ. ಉಸಾರು, ಸ್ಯಾನೆ ಬಿಸಿ ಐತೆ.”

“ನಿಮ್ಮನೇಲಿ ಇಷ್ಟೊತ್ತಿಗೇ ನೀರು ಹೇಗಪ್ಪಾ ರೆಡಿ ಇತ್ತು?” ಎಂದು ಕೇಳಿದರು ಸುಲೋಚನಮ್ಮ.

“ನಂದು ಸ್ನಾನಕ್ಕೆ ಕಾಯಿಸಿದ್ದು. ನಾನು ಆಮ್ಯಾಕೆ ಇಟ್ಕತೀನಿ ಬುಡಿ. ಪಾಪು ಕಾಯಕ್ಕಾಯ್ತದಾ?”

ಇದು ನನಗೂ ಗೊತ್ತಿರಲಿಲ್ಲ. ಇಷ್ಟು ದಿನ ನಮ್ಮ ಪಾಪುವಿನ ಮೈಮೇಲೆ ಬಿದ್ದ ನೀರು, ರಾತ್ರಿಯಿಡೀ ಯಂತ್ರದ ಮುಂದೆ ನಿಂತು ಬಂದ ಒಬ್ಬ ಮನುಷ್ಯ ಮಲಗುವ ಮುಂಚೆ ಮೈಗೆ ಹಾಕಿಕೊಳ್ಳಬೇಕೆಂದು ಕಾಯಿಸಿಟ್ಟುಕೊಂಡ ನೀರು. ನನಗೆ ಅಳು ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಬಕೆಟ್ ಎತ್ತಿದೆ. ಅಷ್ಟರಲ್ಲಿ ಲತಾಳೂ ಪಾತ್ರೆ ತಂದಳು. ಭಾನುವಾರವಾದ್ದರಿಂದ ಅವಳಿಗೆ ಬಸ್ಸಿನ ಅವಸರವಿರಲಿಲ್ಲ, ಪಾಪುವಿನ ಸ್ನಾನ ಮುಗಿಯುವವರೆಗೆ ನಿಂತು ನೋಡಿದಳು. ನೀಲವ್ವ ಮೊಣಕೈಯಿಂದ ನೀರು ಮುಟ್ಟಿ ನೋಡಿ, “ಈಗ ನೋಡ್ರಿ, ಇದು ನೀರು,” ಎಂದು ಸುರಿದಳು. ಸಾಂಬ್ರಾಣಿ ಹೊಗೆ ಹಿಡಿದು ಬಟ್ಟೆ ಸುತ್ತಿದ್ದೇ ತಡ, ಪಾಪು ಸುಲೋಚನಮ್ಮನ ಕೈಯಲ್ಲಿ ನಿದ್ದೆಹೋಯಿತು.

ನಮ್ಮವರು ಮಾತ್ರ ಯುಟಿಲಿಟಿಯಲ್ಲಿ ಗೀಸರ್‌ನ ಮುಚ್ಚಳ ಬಿಚ್ಚಿಟ್ಟುಕೊಂಡು ಒಬ್ಬರೇ ನಿಂತಿದ್ದರು. ಅವರ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು, ಸೋತಿದ್ದರು. ಪಾಪುವನ್ನು ರಶ್ಮಿಗೆ ಕೊಟ್ಟು ಸುಲೋಚನಮ್ಮ ಅಲ್ಲಿಗೆ ಹೋದರು. ನಾನೂ ಹಿಂದೆಯೇ ಹೋದೆ.

“ಬೀಗರೇ, ಆ ಕಡ್ಡಿ ಬುಡದಲ್ಲಿ ಅದೇನು ಕೆಂಪಗೆ?”

“ಎಲ್ಲಿ?”

“ಅದೋ, ಅಲ್ಲಿ. ಬೆಂಕಿ ಬರೋ ಜಾಗದ ಪಕ್ಕ.”

“ಓ ಅದಾ? ಕುಂಕುಮ. ಆಯುಧ ಪೂಜೇಲಿ ಇಟ್ಟಿದ್ದು.”

“ಒಳಗಾ?”

“ಮತ್ತೆ? ಮುಚ್ಚಳದ ಮೇಲೆ ಇಟ್ರೆ ಮುಚ್ಚಳಕ್ಕೆ ಪೂಜೆ ಆಗುತ್ತೆ, ಮಷೀನ್‌ಗೆ ಆಗಲ್ಲ. ನಮ್ಮ ಟೂಲ್ ರೂಮಲ್ಲಿ ಯಾವತ್ತೂ ಕವರ್ ತೆಗೆದೇ ಇಡ್ತಿದ್ವಿ.”

ಸುಲೋಚನಮ್ಮ ನಕ್ಕರು. ಅವರು ಹಾಗೆ ಬಾಯಿತುಂಬ ನಗುವುದನ್ನು ನಾನು ನೋಡಿದ್ದೇ ಮೊದಲು.

“ನಮ್ಮನೆಯವರು ಇದ್ದಾಗ ಒಂದು ವರ್ಷ ಟಿ.ವಿ. ರಿಮೋಟ್‌ಗೆ ಇಟ್ಟಿದ್ರು. ಮುಂದುಗಡೆ ಸಣ್ಣ ಬಲ್ಬ್ ಇರುತ್ತಲ್ಲ, ಸರಿಯಾಗಿ ಅದರ ಮೇಲೇ. ಚಾನೆಲ್ ಚೇಂಜ್ ಆಗ್ತಿರ್ಲಿಲ್ಲ. ಸೆಲ್ ಬದಲಾಯ್ಸಿದ್ರು, ಕೇಬಲ್‌ನವನಿಗೆ ಬೈದ್ರು, ಕೊನೆಗೆ ಹೊಸ ಟಿ.ವಿ. ತರೋಣ ಅಂದ್ರು. ಆ ಕುಂಕುಮ ದಿನಾ ಕಣ್ಣೆದುರಿಗೇ ಇತ್ತು.”

ನಮ್ಮವರು ಗೀಸರ್ ಕಡೆ ತಿರುಗಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, “ಅದು ಸೆನ್ಸರ್,” ಎಂದರು.

ಆ ಕಡ್ಡಿಯ ಕೆಲಸ ಬೆಂಕಿ ಹೊತ್ತಿಕೊಂಡಿದೆಯೋ ಇಲ್ಲವೋ ನೋಡಿಕೊಳ್ಳುವುದು. ಬೆಂಕಿ ಇಲ್ಲವೆಂದು ಅದಕ್ಕೆ ಅನಿಸಿದರೆ ಗ್ಯಾಸ್ ನಿಲ್ಲಿಸಿಬಿಡುತ್ತದೆ. ನಾನು ತೇದು ಕೊಟ್ಟ ಗಂಧ, ಅದರ ಮೇಲೆ ಕುಂಕುಮ, ಎರಡೂ ಸೇರಿ ಅದರ ಬುಡದ ಬಿಳಿ ಪಿಂಗಾಣಿಗೆ ಮೆತ್ತಿಕೊಂಡಿದ್ದವು. ಬೆಳಗಿನ ಹೊತ್ತು ಬಚ್ಚಲ ಹಬೆ, ಒಗೆದ ಬಟ್ಟೆಯ ತೇವ ಎಲ್ಲ ಹೀರಿಕೊಂಡು ಒದ್ದೆಯಾದಾಗ ಕಡ್ಡಿಗೆ ಎದುರಿಗೇ ಉರಿಯುವ ಬೆಂಕಿ ಕಾಣುತ್ತಿರಲಿಲ್ಲ. ಮಧ್ಯಾಹ್ನ ಒಣಗಿದಾಗ ಕಾಣುತ್ತಿತ್ತು. ಮೆಕ್ಯಾನಿಕ್ ಬಂದದ್ದು ಮಧ್ಯಾಹ್ನ.

“ಅಲ್ಲಾ ರೀ, ನೀವೇ ಬ್ರಷ್ ಹಿಡಿದು ಕ್ಲೀನ್ ಮಾಡಿದ್ರಲ್ಲ, ಕಾಣಿಸ್ಲಿಲ್ವಾ?” ಎಂದೆ.

“ಕಾಣಿಸ್ತು. ಕುಂಕುಮ ಬಿಟ್ಟು ಸುತ್ತ ಕ್ಲೀನ್ ಮಾಡ್ದೆ. ಪೂಜೆ ಕುಂಕುಮ ಯಾರಾದ್ರೂ ಒರೆಸ್ತಾರೇನೆ?”

ಯಾರು ಒರೆಸುತ್ತಾರೆ ಹೇಳಿ? ಮೆಕ್ಯಾನಿಕ್‌ನೂ ನೋಡಿದ್ದ, ಕೈಮುಗಿದಷ್ಟು ಗೌರವದಿಂದ ಮುಚ್ಚಳ ಹಾಕಿ ಹೋಗಿದ್ದ. ಯಂತ್ರದ ಮೇಲೆ ಕುಂಕುಮ ನೋಡಿ ನೋಡಿ ನಮ್ಮವರ ಕಣ್ಣಿಗೆ ಅದೂ ಒಂದು ಬೋಲ್ಟು, ನಟ್ಟು ಇದ್ದ ಹಾಗೆ. ಕೆಡುವ ಮುಂಚೆ ಏನು ಬದಲಾಯಿತು ಅಂತ ಮನೆಮಂದಿಯನ್ನೆಲ್ಲ ಕೇಳಿದರಲ್ಲ, ತಮ್ಮನ್ನು ಯಾಕೆ ಕೇಳಿಕೊಳ್ಳಲಿಲ್ಲ? ಭಕ್ತಿಯಿಂದ ಮಾಡಿದ ಕೆಲಸದ ಮೇಲೆ ಅನುಮಾನ ಹೋಗುವುದಿಲ್ಲ, ಅಷ್ಟೆ. ನಾವೆಲ್ಲ ಪ್ರೀತಿಯಿಂದ ಮಾಡುವ ಎಷ್ಟು ಕೆಲಸಗಳು ಯಾವ ಕಡ್ಡಿಯ ಬುಡದಲ್ಲಿ ಕೂತಿವೆಯೋ.

ಈಗ ಒರೆಸುವವರು ಯಾರು? ನಮ್ಮವರು ಬಟ್ಟೆ ಹಿಡಿದು ಹಿಂದೆಮುಂದೆ ನೋಡುತ್ತಿದ್ದರು. ಸುಲೋಚನಮ್ಮ, “ಇಲ್ಲಿ ಕೊಡಿ,” ಎಂದು ಬಟ್ಟೆ ತೆಗೆದುಕೊಂಡರು. ಗ್ಯಾಸ್ ಬಂದ್ ಮಾಡಿಸಿದರು, ಕಡ್ಡಿ ಆರಿದೆಯೇ ಎಂದು ಕೇಳಿದರು. ಗೀಸರ್‌ಗೆ ಕೈಮುಗಿದು, “ತಪ್ಪಾಯ್ತಪ್ಪಾ” ಎಂದು ಗಲ್ಲ ಬಡಿದುಕೊಂಡು, ಒರೆಸಿಯೇಬಿಟ್ಟರು. ನಮ್ಮವರು ನುಣುಪಾದ ಉಪ್ಪುಕಾಗದದಲ್ಲಿ ಕಡ್ಡಿಯನ್ನು ಉಜ್ಜಿ, ಮುಚ್ಚಳ ಹಾಕಿ, ಗ್ಯಾಸ್ ತೆರೆದರು. ನಾನು ನಲ್ಲಿ ತಿರುಗಿಸಿದೆ.

ಒಂದು ಟಿಕ್. ಒಂದು ಭುಗ್. ನಾವು ಮೂವರೂ ಉಸಿರು ಹಿಡಿದು ನಿಂತೆವು. ಬೆಂಕಿ ಆರಲಿಲ್ಲ. ರಶ್ಮಿಯ ಸ್ನಾನ ಮುಗಿಯುವವರೆಗೂ ಆರಲಿಲ್ಲ.

“ಹೊಗಿ ಏಳಾಕತ್ತಾವ್ರಿ,” ಎಂದು ಬಚ್ಚಲಿನಿಂದ ನೀಲವ್ವನ ವರದಿ ಬಂತು.

ಊಟವಾಯಿತು. ಕಾರಿನಲ್ಲಿದ್ದ ಪುಟ್ಟ ಹಾಸಿಗೆಯನ್ನು ಪ್ರಶಾಂತ್ ಮೇಲೆ ತಂದಾಗ ನನಗೆ ಅರ್ಥವಾಗಲಿಲ್ಲ. ಸುಲೋಚನಮ್ಮನೇ ಅದನ್ನು ಇಸಿದುಕೊಂಡು ಪಾಪುವಿನ ಪಕ್ಕ ಇಟ್ಟರು. “ಇಲ್ಲೇ ಇರಲಿ. ಐದು ತಿಂಗಳು ಅಂತ ಮಾತಾಗಿತ್ತಲ್ಲ, ಹಾಗೇ ಆಗ್ಲಿ.”

“ಗೀಸರ್ ಸರಿಹೋಯ್ತಲ್ಲ, ಇನ್ನು ಯೋಚನೆ ಇಲ್ಲ,” ಎಂದರು ನಮ್ಮವರು, ಬಹಳ ದಿನಗಳ ಮೇಲೆ ಗಂಟಲು ತೆರೆದು.

“ಗೀಸರ್ ಸರಿಹೋಗದೇ ಇದ್ದಿದ್ರೂ ಬಿಟ್ಟೇ ಹೋಗ್ತಿದ್ದೆ ಬೀಗರೇ,” ಎಂದರು ಸುಲೋಚನಮ್ಮ. “ಆ ಹುಡುಗ ಬಕೆಟ್ ಇಟ್ಟಾಗಲೇ ಅಂದ್ಕೊಂಡೆ. ನಮ್ಮ ಕಡೆ ಸೋಲಾರ್ ಕೆಟ್ರೆ ನಾನು ಆಫೀಸಿಗೆ ಫೋನ್ ಮಾಡ್ಬೇಕು. ಪಕ್ಕದ ಮನೆಯವರ ಹೆಸರು ನಂಗೆ ಗೊತ್ತಿಲ್ಲ.”

ಅವರು ಹೊರಟಾಗ ನಾನು ಅವರ ಕೈ ಹಿಡಿದುಕೊಂಡೆ. ಗಂಡ ಇಲ್ಲದವರಿಗೆ ಹೂವು ಕೊಡಬಾರದೆನ್ನುವ ಶಾಸ್ತ್ರ ಅದರ ಪಾಡಿಗಿರಲಿ ಎಂದು ಹೂವು ಮುಡಿಸಿ ಕಳಿಸಿದೆ. ಆ ಹೆಂಗಸಿಗೆ ನಾನು ಎಷ್ಟು ಹೆದರಿದ್ದೆ.

ಸಂಜೆ ನಮ್ಮವರು ಸಾಲಾಗಿ ಕೂತಿದ್ದ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಾವೇ ಉಜ್ಜಿದರು. ನಾನು ಒಂದೊಂದರಲ್ಲೂ ಒಂದಿಷ್ಟು ಬಾಳೆಹಣ್ಣು, ಒಂದು ಮುಷ್ಟಿ ಕೊಬ್ಬರಿ ಸಕ್ಕರೆ ಇಟ್ಟೆ. ಖಾಲಿ ಪಾತ್ರೆ ವಾಪಸ್ ಕೊಡಬಾರದಲ್ಲ. ತಲುಪಿಸಲು ಹೋದವರ ಹಿಂದೆ ನಾನೂ ಹೋಗಿ ನೋಡಿದರೆ, ಶಿವಣ್ಣನ ಬಕೆಟ್‌ನ ಹೊರಮೈಗೆ ದೊಡ್ಡದಾಗಿ ಗಂಧ, ಕುಂಕುಮ. ಲತಾಳ ಪಾತ್ರೆಗೂ ಅದೇ.

ನಿದ್ದೆಯಿಂದೆದ್ದು ಬಂದ ಶಿವಣ್ಣ ಬಕೆಟ್ ತಿರುಗಿಸಿ ತಿರುಗಿಸಿ ನೋಡಿದ. “ಇದ್ಯಾಕ್ ಸಾರ್, ಬಕೆಟ್‌ಗೆ?”

“ಆಯುಧ ಪೂಜೇಲಿ ಇದನ್ನ ಬಿಟ್ಬಿಟ್ಟಿದ್ದೆ ಕಣಪ್ಪ,” ಎಂದರು ನಮ್ಮವರು.

ಈಗ ಗೀಸರ್ ಒಂದೇ ಟಿಕ್‌ಗೆ ಹೊತ್ತಿಕೊಳ್ಳುತ್ತದೆ. ಮುಂದಿನ ದಸರಾಕ್ಕೆ ಅದಕ್ಕೆ ಮುಚ್ಚಳದ ಮೇಲೆ ಒಂದು ಹೂವು ಸಾಕೆಂದು ತೀರ್ಮಾನವಾಗಿದೆ. ನನ್ನ ತಮ್ಮನ ಮೇಲಿದ್ದ ಆರೋಪವನ್ನು ಹಿಂತೆಗೆದುಕೊಳ್ಳಲಾಗಿದೆ. (ಪಾಪ, ಅವನಿಗೆ ಆರೋಪ ಇದ್ದದ್ದೂ ಗೊತ್ತಿಲ್ಲ.) ಪಾಪುವಿಗೆ ಕೈಕಾಲು ತುಂಬಿಕೊಳ್ಳುತ್ತಿವೆ. ಬಿಸಿನೀರು ಬಿದ್ದರೆ ಈಗ ಅಳುವುದಿಲ್ಲ, ಕಣ್ಣರಳಿಸುತ್ತದೆ.

ಮೊನ್ನೆ ಬೆಳಗ್ಗೆ ಮತ್ತೆ ಟಿಕ್ ಟಿಕ್ ಟಿಕ್ ಶುರುವಾಯಿತು. ಹೆದರಿಕೊಂಡು ಓಡಿದೆ. ಏನಿಲ್ಲ, ಸಿಲಿಂಡರ್ ಖಾಲಿಯಾಗಿತ್ತು. ನಾನು ಹೊಸದನ್ನು ಎಳೆದು ತರಲು ತಿರುಗುವುದರೊಳಗೆ ಡಕ್ಟ್‌ನಲ್ಲಿ ಮೇಲಿನಿಂದ ಆ ದನಿ ಇಳಿಯಿತು.

“ಆಂಟೀ, ಇಡ್ಲಾ?”

ನಿಮ್ಮ ಮನೆಯ ಟಿಕ್ ಟಿಕ್ ಯಾರ ಮನೆಗೆ ಕೇಳಿಸುತ್ತದೆ?